ಒಂದು ಹೊಡೆತದ ಅಂತರ, ಏಳು ಹೊಡೆತದ ಮುನ್ನಡೆ

2021ರ ಆಗಸ್ಟ್ 7, ಶನಿವಾರ. ಅಂದು ಬೆಳಿಗ್ಗೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಒಂದು ಸೋಜಿಗ ನಡೆಯಿತು. ಗಾಲ್ಫ್ ಎಂದರೆ ದುಡ್ಡಿದ್ದವರ ಆಟ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ಜನ ಟಿ.ವಿ. ಮುಂದೆ ಕುಳಿತು, ಹುಲ್ಲಿನ ಮೇಲೆ ಮೆಲ್ಲಗೆ ಉರುಳುವ ಬಿಳಿ ಚೆಂಡನ್ನು ಉಸಿರು ಬಿಗಿಹಿಡಿದು ನೋಡಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರದಲ್ಲಿದ್ದರು. ಕೊನೆಗೆ ಪದಕ ಬರಲಿಲ್ಲ. ನಾಲ್ಕನೆಯ ಸ್ಥಾನ ಬಂತು. ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದರು. ಬೆಳಗಿನ ಆಟ ಸಂಜೆಯ ಸಂಭ್ರಮದಲ್ಲಿ ಮರೆಯಾಯಿತು.

ಆ ಆಟವನ್ನು ಮತ್ತೆ ನೆನೆಯಲು ಕಾರಣವಿದೆ. ಗಾಲ್ಫ್ ಆಟಗಾರ್ತಿಯೊಬ್ಬರ ವೃತ್ತಿಜೀವನದ ಏಳುಬೀಳುಗಳನ್ನು ನಾವು ಅಳೆಯುವ ರೀತಿ ಬಹುಮಟ್ಟಿಗೆ ಕ್ರಿಕೆಟ್ಟಿನಿಂದ ಕಲಿತದ್ದು. ಗೆದ್ದರೆ ಹಾರ, ಸೋತರೆ ಬೈಗುಳ. ಈ ಅಳತೆಗೋಲು ಗಾಲ್ಫಿಗೆ ಹೊಂದುವುದಿಲ್ಲ.

ಲೆಕ್ಕದ ಆಟ

ಮೊದಲು ಆಟದ ಲೆಕ್ಕ ತಿಳಿಯೋಣ. ಒಂದು ಸುತ್ತಿಗೆ ಹದಿನೆಂಟು ಕುಳಿಗಳು. ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಸೇರಿಸುತ್ತಾರೋ ಅಷ್ಟು ಒಳ್ಳೆಯದು. ನುರಿತವರು ಒಂದು ಕುಳಿಗೆ ಇಷ್ಟು ಹೊಡೆತ ತೆಗೆದುಕೊಳ್ಳಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕೆ ಪಾರ್ ಎನ್ನುತ್ತಾರೆ. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ದೊಡ್ಡ ಪಂದ್ಯಾವಳಿಗಳು ಸಾಮಾನ್ಯವಾಗಿ ಮೂರು ಇಲ್ಲವೆ ನಾಲ್ಕು ದಿನ ನಡೆಯುತ್ತವೆ, ದಿನಕ್ಕೊಂದು ಸುತ್ತು.

ಟೋಕಿಯೊದಲ್ಲಿ ಅದಿತಿಯ ನಾಲ್ಕು ಸುತ್ತುಗಳು 67, 66, 68, 68. ಒಟ್ಟು 269 ಹೊಡೆತ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ 267 ಹೊಡೆತಗಳಲ್ಲಿ ಮುಗಿಸಿದರು. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ 268 ಹೊಡೆತಗಳಲ್ಲಿ ಸಮನಾಗಿ, ಹೆಚ್ಚುವರಿ ಆಟದಲ್ಲಿ ಇನಾಮಿಗೆ ಬೆಳ್ಳಿ, ಕೋಗೆ ಕಂಚು ಸಿಕ್ಕವು. ನಾಲ್ಕು ದಿನಗಳ ಎಪ್ಪತ್ತೆರಡು ಕುಳಿಗಳಲ್ಲಿ, ಇನ್ನೂರ ಅರವತ್ತೊಂಬತ್ತು ಹೊಡೆತಗಳಲ್ಲಿ ಒಂದೇ ಒಂದು ಕಡಿಮೆಯಾಗಿದ್ದರೆ ಅದಿತಿಯೂ ಪದಕದ ಸ್ಪರ್ಧೆಯಲ್ಲಿರುತ್ತಿದ್ದರು. ಕೊನೆಯ ಕುಳಿಯಲ್ಲಿ ಸಮ ಮಾಡಬಹುದಾಗಿದ್ದ ಅವರ ದೂರದ ಪಟ್, ಎಂದರೆ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ, ಪಕ್ಕಕ್ಕೆ ಸರಿದುಹೋಯಿತು.

ಆಗ ಅದಿತಿಯ ವಿಶ್ವ ಶ್ರೇಯಾಂಕ 200. ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮೊದಲು ಅವರಿಗೆ ಕೋವಿಡ್ ತಗುಲಿತ್ತು. ಮೈಯಲ್ಲಿ ಶಕ್ತಿ ಇಳಿದು, ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ದೂರದ ಹೊಡೆತದಲ್ಲಿ ಅಲ್ಲಿದ್ದ ಅರವತ್ತು ಮಂದಿಯ ಪೈಕಿ ಅವರು ಕೊನೆಯ ಸಾಲಿನವರು. ಬೇರೆಯವರ ಚೆಂಡು ಬಿದ್ದ ಜಾಗಕ್ಕಿಂತ ಎಷ್ಟೋ ಗಜ ಹಿಂದೆ ನಿಂತು ಅವರು ಎರಡನೆಯ ಹೊಡೆತ ಹೊಡೆಯಬೇಕಿತ್ತು. ಆ ಕೊರತೆಯನ್ನು ತುಂಬಿದ್ದು ಅವರ ಪಟ್. ಕುಳಿಯ ಸಮೀಪದ ಆಟದಲ್ಲಿ ಅವರನ್ನು ಮೀರಿಸುವವರು ಜಗತ್ತಿನಲ್ಲಿ ಕಡಿಮೆ. ಅವರ ಗಾಲ್ಫ್ ಚೀಲ ಹೊತ್ತು ಜೊತೆಗೆ ನಡೆದ ಕ್ಯಾಡಿ ಬೇರೆ ಯಾರೂ ಅಲ್ಲ, ಅವರ ತಾಯಿ.

ಬೆಂಗಳೂರಿನ ಹುಲ್ಲು

ಬೆಂಗಳೂರಿಗೆ ಗಾಲ್ಫ್ ಬಂದದ್ದು ದಂಡು ಪ್ರದೇಶದ ಬ್ರಿಟಿಷ್ ಅಧಿಕಾರಿಗಳ ಜೊತೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ತಂಪು ಹವೆ, ಏರುತಗ್ಗಿನ ನೆಲ, ಬಿಡುವಿನ ಸಂಜೆ ಎಲ್ಲವೂ ಆ ಆಟಕ್ಕೆ ಅನುಕೂಲವಾಗಿದ್ದವು. ಬ್ರಿಟಿಷರು ಹೋದರು, ಕ್ಲಬ್ ಉಳಿಯಿತು. ಜೊತೆಗೆ ಸದಸ್ಯತ್ವದ ಬಾಗಿಲೂ ಉಳಿಯಿತು. ಬಹುಕಾಲ ಈ ಆಟ ಅಧಿಕಾರಿಗಳ, ಉದ್ಯಮಿಗಳ, ಸೇನೆಯವರ ವಲಯ ಬಿಟ್ಟು ಹೊರಗೆ ಬರಲಿಲ್ಲ.

ಆ ಬಾಗಿಲಿನಲ್ಲಿ ಒಂದು ಕಿರುಗಂಡಿ ಇತ್ತು. ಚೀಲ ಹೊರುವ, ಚೆಂಡು ಹೆಕ್ಕುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹುಡುಗರು ಬರುತ್ತಿದ್ದರು. ನೋಡಿ ನೋಡಿ ಆಟ ಕಲಿತರು. ಬಿಡದಿ ಬಳಿಯ ಈಗಲ್‌ಟನ್ ಮೈದಾನದಲ್ಲಿ ಹೀಗೆ ಬೆಳೆದ ಎಸ್. ಚಿಕ್ಕರಂಗಪ್ಪ ದೇಶದ ಹೆಸರಾಂತ ವೃತ್ತಿಪರ ಆಟಗಾರರಾದರು. ಹಳ್ಳಿಯ ಹುಡುಗಿಯರಿಗೆ ಆ ಕಿರುಗಂಡಿಯೂ ಇರಲಿಲ್ಲ. ಅವರನ್ನು ಚೀಲ ಹೊರಲು ಕರೆಯುವವರಿರಲಿಲ್ಲ. ಹೆಣ್ಣುಮಗಳೊಬ್ಬಳು ಗಾಲ್ಫ್ ಆಡಬೇಕಾದರೆ ಮನೆಯವರೇ ಕೈಹಿಡಿದು ಮೈದಾನಕ್ಕೆ ಕರೆದೊಯ್ಯಬೇಕಿತ್ತು.

1998ರ ಮಾರ್ಚ್ 29ರಂದು ಹುಟ್ಟಿದ ಅದಿತಿಯ ವಿಷಯದಲ್ಲಿ ಆದದ್ದೂ ಅದೇ. ಮನೆಯಲ್ಲಿ ಗಾಲ್ಫ್ ಆಡಿದವರು ಯಾರೂ ಇರಲಿಲ್ಲ. ಹಳೆಯ ವಿಮಾನ ನಿಲ್ದಾಣ ರಸ್ತೆ ಕಡೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಜನ ಆಡುವುದನ್ನು ಕಂಡು ಕುತೂಹಲ ಹುಟ್ಟಿ, ಐದೂವರೆ ವರ್ಷದ ಮಗು ಕೋಲು ಹಿಡಿಯಿತು. ಆಗ ಬೆಂಗಳೂರಿನಲ್ಲಿ ಇದ್ದ ಗಾಲ್ಫ್ ಮೈದಾನಗಳು ಮೂರೇ. ಶಾಲೆ ಫ್ರಾಂಕ್ ಆಂಥೊನಿ ಪಬ್ಲಿಕ್ ಸ್ಕೂಲ್, ಉಳಿದ ಹೊತ್ತೆಲ್ಲ ಮೈದಾನ. 2013ರ ಏಷ್ಯನ್ ಯುವ ಕ್ರೀಡಾಕೂಟ, 2014ರ ಯುವ ಒಲಿಂಪಿಕ್ಸ್, ಅದೇ ವರ್ಷದ ಏಷ್ಯನ್ ಕ್ರೀಡಾಕೂಟ ಎಲ್ಲದರಲ್ಲೂ ಆಡಿದರು. 2015ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿ ಗೆದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಮೊರಾಕೊದಲ್ಲಿ ನಡೆದ ಯುರೋಪಿಯನ್ ಸರಣಿಯ ಅರ್ಹತಾ ಸ್ಪರ್ಧೆಯಲ್ಲಿ ಮೊದಲಿಗರಾದರು. 2016ರ ಹೊಸ ವರ್ಷದೊಂದಿಗೆ ವೃತ್ತಿಪರ ಆಟಗಾರ್ತಿಯಾದಾಗ ಅವರಿಗೆ ಹದಿನೆಂಟೂ ತುಂಬಿರಲಿಲ್ಲ.

ಇವರಿಗೆ ಮುಂಚೆ ಯಾರೂ ಇರಲೇ ಇಲ್ಲವೆಂದಲ್ಲ. ಸಿಮಿ ಮೆಹ್ರಾ 1990ರ ದಶಕದಲ್ಲೇ ಅಮೆರಿಕದ ಎಲ್‌ಪಿಜಿಎ ಸರಣಿ ಸೇರಿ ಅಲ್ಲಿ ಆಡಿದ ಮೊದಲ ಭಾರತೀಯಳೆನಿಸಿದರು. ಬೆಂಗಳೂರಿನವರೇ ಆದ ಶರ್ಮಿಳಾ ನಿಕೊಲೆಟ್ 2012ರಲ್ಲಿ ಯುರೋಪಿನ ಸರಣಿಗೆ ಪ್ರವೇಶ ಪಡೆದರು. ದಾರಿಯಲ್ಲಿ ಹೆಜ್ಜೆಗುರುತುಗಳಿದ್ದವು, ಆದರೆ ವಿರಳ. ಅದಿತಿ ಎಷ್ಟೋ ಸಲ ಒಬ್ಬಂಟಿಯಾಗಿ ನಡೆಯಬೇಕಾಯಿತು.

ಸಂಬಳವಿಲ್ಲದ ವೃತ್ತಿ

ವೃತ್ತಿಪರ ಎಂಬ ಮಾತು ಕೇಳಿದಾಕ್ಷಣ ತಿಂಗಳ ಆದಾಯ ಖಾತ್ರಿ ಎಂದುಕೊಳ್ಳುವುದು ಸಹಜ. ಗಾಲ್ಫ್ ಹಾಗಲ್ಲ. ಇಲ್ಲಿ ತಂಡವಿಲ್ಲ, ಸಂಬಳವಿಲ್ಲ. ಸರಣಿಯಲ್ಲಿ ಆಡಲು ಒಂದು ಪರವಾನಗಿ ಬೇಕು. ಅದಕ್ಕೆ ಕಾರ್ಡ್ ಎನ್ನುತ್ತಾರೆ. ಅರ್ಹತಾ ಸ್ಪರ್ಧೆಯಲ್ಲಿ ಗೆದ್ದು ಅದನ್ನು ಪಡೆಯಬೇಕು, ವರ್ಷವಿಡೀ ಚೆನ್ನಾಗಿ ಆಡಿ ಉಳಿಸಿಕೊಳ್ಳಬೇಕು. ನಾಲ್ಕು ದಿನಗಳ ಪಂದ್ಯಾವಳಿಯಲ್ಲಿ ಸಾಮಾನ್ಯವಾಗಿ ಎರಡು ಸುತ್ತುಗಳಾದ ಮೇಲೆ ಹಿಂದುಳಿದವರನ್ನು ಕೈಬಿಡುತ್ತಾರೆ. ಇದು ಕಟ್. ಕಟ್ ತಪ್ಪಿದವರಿಗೆ ಸಾಧಾರಣವಾಗಿ ಬಹುಮಾನದ ಹಣ ಬರುವುದಿಲ್ಲ. ವಿಮಾನದ ಟಿಕೆಟ್ಟು, ಹೋಟೆಲು, ಕ್ಯಾಡಿಯ ಕೂಲಿ ಮಾತ್ರ ತಮ್ಮ ತಲೆಯ ಮೇಲೆ. ಮರುವಾರ ಇನ್ನೊಂದು ಊರು, ಇನ್ನೊಂದು ದೇಶ.

ಇನ್ನೊಂದು ಮಾತು. ಕಬಡ್ಡಿಯಲ್ಲೋ ಕ್ರಿಕೆಟ್ಟಿನಲ್ಲೋ ಎರಡು ತಂಡ ಆಡಿದರೆ ಒಂದು ಗೆಲ್ಲುತ್ತದೆ. ಸಾಧಾರಣ ತಂಡವೂ ಆಗಾಗ ಗೆಲುವಿನ ರುಚಿ ನೋಡುತ್ತದೆ. ಗಾಲ್ಫ್ ಪಂದ್ಯಾವಳಿಯಲ್ಲಿ ನೂರಕ್ಕೂ ಮಿಕ್ಕಿ ಮಂದಿ ಆಡುವುದುಂಟು, ಗೆಲ್ಲುವವರು ಒಬ್ಬರೇ. ಹಾಗಾಗಿ ಜಗತ್ತಿನ ಶ್ರೇಷ್ಠ ಆಟಗಾರ್ತಿಯೂ ವರ್ಷದ ಬಹುಪಾಲು ವಾರಗಳಲ್ಲಿ ಸೋತೇ ಮನೆಗೆ ಬರುತ್ತಾರೆ. ಸೋಲು ಈ ವೃತ್ತಿಯ ದಿನಚರಿ.

ಅದಿತಿಯ ಮೊದಲ ವರ್ಷವೇ ಇದಕ್ಕೆ ಕನ್ನಡಿ. 2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್ ನಡೆದದ್ದು 1900ರ ನಂತರ ಅದೇ ಮೊದಲು. ತಂದೆಯೇ ಕ್ಯಾಡಿ. ಕಣದಲ್ಲಿದ್ದ ಎಲ್ಲರಿಗಿಂತ ಕಿರಿಯಳಾದ ಹದಿನೆಂಟರ ಈ ಹುಡುಗಿ ಮೊದಲೆರಡು ದಿನ 68, 68 ಹೊಡೆದು ಮೊದಲ ಹತ್ತರೊಳಗೆ ನಿಂತಾಗ ಭಾರತದಲ್ಲಿ ಜನ ಇದ್ದಕ್ಕಿದ್ದಂತೆ ಗಾಲ್ಫ್ ನೋಡತೊಡಗಿದರು. ಮೂರನೆಯ ದಿನ 79, ನಾಲ್ಕನೆಯ ದಿನ 76. ಕೊನೆಗೆ ಜಂಟಿ 41ನೆಯ ಸ್ಥಾನ. ಮೂರೇ ತಿಂಗಳಲ್ಲಿ, ನವೆಂಬರ್‌ನಲ್ಲಿ, ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಯುರೋಪಿಯನ್ ಸರಣಿಯ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಕತಾರಿನಲ್ಲೂ ಗೆದ್ದರು. ಆ ಸರಣಿಯ ವರ್ಷದ ಶ್ರೇಷ್ಠ ಹೊಸ ಆಟಗಾರ್ತಿ ಪ್ರಶಸ್ತಿಯೂ ಅವರದಾಯಿತು.

2017ರಲ್ಲಿ ಅಮೆರಿಕದ ಸರಣಿಗೆ ಕಾಲಿಟ್ಟರು. ಆ ವರ್ಷ ಅಬುಧಾಬಿಯಲ್ಲಿ ಮೂರನೆಯ ಯುರೋಪಿಯನ್ ಪ್ರಶಸ್ತಿ ಬಂತು. ಆಮೇಲೆ ಬಂದದ್ದು ಬಹಳ ದೀರ್ಘವಾದ ಬರ. 2018ರಿಂದ 2022ರವರೆಗೆ ಐದು ವರ್ಷ ಈ ಎರಡು ಸರಣಿಗಳಲ್ಲಿ ಒಂದೂ ಪ್ರಶಸ್ತಿ ಸಿಗಲಿಲ್ಲ. 2020ರ ಸಾಲಿನ ಅರ್ಜುನ ಪ್ರಶಸ್ತಿಯೂ ಟೋಕಿಯೊದ ಆ ನಾಲ್ಕನೆಯ ಸ್ಥಾನವೂ ಬಂದದ್ದು ಈ ಬರಗಾಲದ ನಡುವೆಯೇ.

ಹಾಂಗ್‌ಝೌನ ಮುನ್ನಡೆ

2023 ಮಳೆಯ ವರ್ಷ. ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದರು. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಪಂದ್ಯಾವಳಿಯಲ್ಲಿ ಮೂವರು ಸಮನಾಗಿ, ಹೆಚ್ಚುವರಿ ಆಟದಲ್ಲಿ ಆಸ್ಟ್ರೇಲಿಯಾದ ಹಾನ್ನಾ ಗ್ರೀನ್ ಗೆದ್ದರು. ಅಮೆರಿಕದ ಸರಣಿಯ ಪ್ರಶಸ್ತಿ ಕೈಗೆ ಬಂದಂತೆ ಬಂದು ಜಾರಿತು. 2024ರ ಅಂತ್ಯದವರೆಗೂ ಅದು ಅವರಿಗೆ ದಕ್ಕಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ. ಮೊದಲ ಮೂರು ದಿನ 67, 66, 61. ಆ 61 ಪಾರ್‌ಗಿಂತ ಹನ್ನೊಂದು ಕಡಿಮೆ; ಜೀವಮಾನದಲ್ಲಿ ಒಮ್ಮೆ ಬಂದರೆ ಪುಣ್ಯ ಎನ್ನುವಂಥ ಸುತ್ತು. ಕೊನೆಯ ದಿನಕ್ಕೆ ಕಾಲಿಡುವಾಗ ಏಳು ಹೊಡೆತಗಳ ಮುನ್ನಡೆ. ಚಿನ್ನ ಖಚಿತವೆಂದೇ ಎಲ್ಲರೂ ತಿಳಿದರು. ಅಕ್ಟೋಬರ್ 1ರಂದು ಅದಿತಿ ಹೊಡೆದದ್ದು 77. ಅದೇ ದಿನ ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಅದ್ಭುತವಾಗಿ ಆಡಿ, ಒಟ್ಟಿನಲ್ಲಿ ಎರಡು ಹೊಡೆತಗಳ ಅಂತರದಿಂದ ಚಿನ್ನ ಗೆದ್ದರು.

ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊದಲ ಪದಕ ಅದು. ಆದರೂ ಅಂದು ಗೆದ್ದ ಬೆಳ್ಳಿಗಿಂತ ಕಳೆದ ಚಿನ್ನದ ಮಾತೇ ಹೆಚ್ಚಾಗಿತ್ತು. ಟೋಕಿಯೊದಲ್ಲಿ ಏನೂ ನಿರೀಕ್ಷಿಸದ ನಾವು ನಾಲ್ಕನೆಯ ಸ್ಥಾನಕ್ಕೆ ಚಪ್ಪಾಳೆ ತಟ್ಟಿದೆವು. ಹಾಂಗ್‌ಝೌನಲ್ಲಿ ಎರಡನೆಯ ಸ್ಥಾನಕ್ಕೆ ನಿಟ್ಟುಸಿರುಬಿಟ್ಟೆವು. ನೋಡುವವರ ನಿರೀಕ್ಷೆ ಬದಲಾಗಿತ್ತು, ಅಷ್ಟೆ.

ಅದಿತಿ ಏನು ಮಾಡಿದರು? ಮತ್ತೆ ಆಡಲು ಹೋದರು. ಎರಡು ತಿಂಗಳೊಳಗೆ, ನವೆಂಬರ್ ಕೊನೆಯಲ್ಲಿ, ಸ್ಪೇನಿನ ಓಪನ್ ಗೆದ್ದರು. ಅದು ಯುರೋಪಿನ ಸರಣಿಯಲ್ಲಿ ಅವರ ಐದನೆಯ ಪ್ರಶಸ್ತಿ. ಏಳು ಹೊಡೆತಗಳ ಮುನ್ನಡೆ ಕಳೆದುಕೊಂಡವರು ಅಷ್ಟು ಬೇಗ ಗೆದ್ದು ಬಂದದ್ದು ಹೆಚ್ಚು ಸುದ್ದಿಯಾಗಲಿಲ್ಲ.

ಕೊರಿಯಾದ ಪಾಠ

ಈ ಏರಿಳಿತ ಅದಿತಿಯೊಬ್ಬರದಲ್ಲ ಎಂಬುದನ್ನು ತಿಳಿಯಬೇಕಾದರೆ ದಕ್ಷಿಣ ಕೊರಿಯಾದ ಕಡೆ ನೋಡಬೇಕು. ರಿಯೊದಲ್ಲಿ ಚಿನ್ನ ಗೆದ್ದವರು ಕೊರಿಯಾದ ಇನ್‌ಬೀ ಪಾರ್ಕ್. ಆ ತಂಡದ ಮಾರ್ಗದರ್ಶಿಯಾಗಿದ್ದವರು ಸೆ ರಿ ಪಾಕ್. ಇವರಿಬ್ಬರ ಕಥೆ ಒಂದಕ್ಕೊಂದು ಹೆಣೆದುಕೊಂಡಿದೆ.

1998ರಲ್ಲಿ, ಅದಿತಿ ಹುಟ್ಟಿದ ವರ್ಷವೇ, ಏಷ್ಯಾದ ಹಣಕಾಸಿನ ಬಿಕ್ಕಟ್ಟಿನಲ್ಲಿ ಕೊರಿಯಾ ನಲುಗಿತ್ತು. ಆ ಜುಲೈನಲ್ಲಿ ಇಪ್ಪತ್ತು ವರ್ಷದ ಸೆ ರಿ ಪಾಕ್ ಅಮೆರಿಕದ ಮಹಿಳಾ ಓಪನ್‌ನಲ್ಲಿ ಆಡುತ್ತಿದ್ದರು. ನಾಲ್ಕು ಸುತ್ತುಗಳಾದ ಮೇಲೆ ಇಬ್ಬರು ಸಮ. ನಿರ್ಣಯಕ್ಕೆ ಮತ್ತೆ ಹದಿನೆಂಟು ಕುಳಿ. ಅದರ ಕೊನೆಯ ಕುಳಿಯಲ್ಲಿ ಪಾಕ್ ಅವರ ಚೆಂಡು ಕೊಳದ ಅಂಚಿಗೆ ಹೋಗಿ ಬಿತ್ತು. ಅವರು ಬೂಟು, ಕಾಲುಚೀಲ ಕಳಚಿ ನೀರಿಗಿಳಿದು ಚೆಂಡನ್ನು ಹೊಡೆದೆತ್ತಿದರು. ಬಿಸಿಲಿಗೆ ಕಂದಿದ ಕಾಲುಗಳ ಕೆಳಗೆ ಬೆಳ್ಳಗಿದ್ದ ಪಾದಗಳನ್ನು ಕಂಡ ಕೊರಿಯಾದ ಜನ, ಈ ಹುಡುಗಿ ಎಷ್ಟು ದಿನ ಬಿಸಿಲಿನಲ್ಲಿ ದುಡಿದಿರಬೇಕೆಂದು ಅರಿತರು. ಆಗಲೂ ಇಬ್ಬರೂ ಸಮ. ಇನ್ನೆರಡು ಕುಳಿ ಆಡಿದ ಮೇಲೆ ಪಾಕ್ ಗೆದ್ದರು.

ಅದನ್ನು ಟಿ.ವಿ.ಯಲ್ಲಿ ನೋಡಿ ಕೋಲು ಹಿಡಿದ ಮಕ್ಕಳನ್ನು ಅಲ್ಲಿ ಸೆ ರಿಯ ಮಕ್ಕಳು ಎಂದೇ ಕರೆಯುತ್ತಾರೆ. ಇನ್‌ಬೀ ಪಾರ್ಕ್ ಅಂಥವರಲ್ಲೊಬ್ಬರು. ಆಗ ಅವರಿಗೆ ಹತ್ತು ತುಂಬಲು ಕೆಲವು ದಿನ ಬಾಕಿಯಿತ್ತು.

ಈ ಇಬ್ಬರ ದಾರಿಯೂ ಸಲೀಸಾಗಿರಲಿಲ್ಲ. 2004ರ ವೇಳೆಗೆ ಗಾಲ್ಫಿನ ಕೀರ್ತಿಮಂದಿರಕ್ಕೆ ಬೇಕಾದಷ್ಟು ಸಾಧಿಸಿದ ಪಾಕ್ ಅವರ ಆಟ ಆಮೇಲೆ ಕುಸಿಯಿತು. ಗಾಯವೂ ಸೇರಿ, 2005ರಲ್ಲಿ ಒಂದೂ ಪಂದ್ಯಾವಳಿ ಗೆಲ್ಲಲಾಗಲಿಲ್ಲ. 2006ರಲ್ಲಿ ಎಲ್‌ಪಿಜಿಎ ಚಾಂಪಿಯನ್‌ಷಿಪ್ ಗೆದ್ದು ಮರಳಿದರು. ಇನ್‌ಬೀ ಪಾರ್ಕ್ 2008ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೇ ಅಮೆರಿಕದ ಓಪನ್ ಗೆದ್ದರು. ಆ ಸರಣಿಯಲ್ಲಿ ಅವರ ಮುಂದಿನ ಗೆಲುವು ಬಂದದ್ದು 2012ರಲ್ಲಿ. ಆ ನಾಲ್ಕು ವರ್ಷ ತಾಳಿಕೊಂಡದ್ದರಿಂದಲೇ 2013ರಲ್ಲಿ ಸತತ ಮೂರು ಪ್ರಮುಖ ಪ್ರಶಸ್ತಿಗಳೂ, ಹೆಬ್ಬೆರಳಿನ ಗಾಯದ ನಡುವೆ 2016ರ ಒಲಿಂಪಿಕ್ಸ್ ಚಿನ್ನವೂ ಸಾಧ್ಯವಾದವು.

ಕೊರಿಯಾದ ಆಟಗಾರ್ತಿಯರೂ ಬಿದ್ದರು, ನಮ್ಮವರೂ ಬಿದ್ದರು. ಅಲ್ಲಿ ಒಬ್ಬರು ಬಿದ್ದ ವಾರ ಇನ್ನೊಬ್ಬರು ಗೆಲ್ಲುತ್ತಿದ್ದರು. ದೇಶದೊಳಗೇ ಮಹಿಳೆಯರಿಗೆ ಬಲವಾದ ಪಂದ್ಯಾವಳಿಗಳ ಸರಣಿಯಿತ್ತು, ಹಣ ಹೂಡುವ ಕಂಪೆನಿಗಳಿದ್ದವು. ಇಡೀ ದೇಶದ ಆಸೆ ಒಬ್ಬಳ ಹೆಗಲ ಮೇಲೆ ಕೂರುತ್ತಿರಲಿಲ್ಲ. ಅದಿತಿಯ ಹೆಗಲ ಮೇಲೆ ಆ ಭಾರ ಹೆಚ್ಚುಕಡಿಮೆ ಪೂರ್ತಿಯಾಗಿ ಕುಳಿತಿತ್ತು. ಅವರು ಬೋಗಿ ಹೊಡೆದರೆ ಅದು ಭಾರತದ ಬೋಗಿ.

ಮುಂದಿನ ಸಾಲು

ಹಾಗಾದರೆ ನಮ್ಮಲ್ಲಿ ಅದಿತಿಯ ಮಕ್ಕಳು ಎನ್ನಬಹುದಾದವರು ಇದ್ದಾರೆಯೆ? ಹಾಂಗ್‌ಝೌಗೆ ಹೋದ ಭಾರತದ ಮಹಿಳಾ ತಂಡದಲ್ಲಿದ್ದವರು ಮೂವರು. ಅದಿತಿಯ ಜೊತೆ ಮೈಸೂರಿನ ಪ್ರಣವಿ ಅರಸ್ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್. ಮೂವರೂ ಕರ್ನಾಟಕದವರು. ಪ್ರಣವಿ ಮುಂದೆ ಯುರೋಪಿನ ಸರಣಿಗೆ ಹೋದರು, ಅವರ ಹಿಂದೆಯೇ ಅವನಿಯೂ. ಹರಿಯಾಣದ ದೀಕ್ಷಾ ಡಾಗರ್ ಟೋಕಿಯೊದಲ್ಲೂ 2024ರ ಪ್ಯಾರಿಸ್‌ನಲ್ಲೂ ಅದಿತಿಯ ಜೊತೆ ಒಲಿಂಪಿಕ್ಸ್ ಆಡಿದರು. ಪ್ಯಾರಿಸ್‌ನಲ್ಲಿ ಅದಿತಿ ಜಂಟಿ 29ನೆಯ ಸ್ಥಾನ ಪಡೆದರು. ಪದಕದಿಂದ ದೂರವೇ, ಆದರೆ ಮೂರು ಒಲಿಂಪಿಕ್ಸ್‌ಗಳಲ್ಲಿ ಗಾಲ್ಫ್ ಆಡಿದ ಮೊದಲ ಭಾರತೀಯ ಆಟಗಾರರು ಅವರೇ.

ಸಾಲು ಶುರುವಾಗಿದೆ. ಅದು ಎಷ್ಟು ಉದ್ದ ಬೆಳೆದೀತು ಎಂಬುದು ಬಾಗಿಲು ಎಷ್ಟು ತೆರೆದೀತು ಎಂಬುದರ ಮೇಲೆ ನಿಂತಿದೆ. ಈಗ ಗಾಲ್ಫ್ ಬೆಂಗಳೂರು ನಗರ ದಾಟಿ ಗ್ರಾಮಾಂತರಕ್ಕೆ ಬಂದಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿ, ನಂದಿಬೆಟ್ಟ ಕಾಣುವ ಸೀಮೆಯಲ್ಲಿ, ಪ್ರೆಸ್ಟೀಜ್ ಗಾಲ್ಫ್‌ಶೈರ್ ಎಂಬ ಹದಿನೆಂಟು ಕುಳಿಗಳ ಮೈದಾನವಿದೆ. ಚಕ್ಕೋತಕ್ಕೂ ದ್ರಾಕ್ಷಿಗೂ ಹೆಸರಾದ ನೆಲದ ನಡುವೆ ಕತ್ತರಿಸಿದ ಹುಲ್ಲು, ವಿಲ್ಲಾಗಳು, ಹೋಟೆಲು. 2008ರಲ್ಲಿ ದೇವನಹಳ್ಳಿಗೆ ಬಂದ ವಿಮಾನ ನಿಲ್ದಾಣ ಈ ಕಡೆಯ ನೆಲದ ಬೆಲೆಯನ್ನೂ ಬದುಕನ್ನೂ ಬದಲಿಸಿತು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಶಾಲೆಗಳ ಹುಡುಗಿಯರು ಖೊಖೊ, ಕಬಡ್ಡಿ, ಓಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಸೆ ರಿ ಪಾಕ್ ಕೂಡ ಗಾಲ್ಫ್ ಕೋಲು ಹಿಡಿಯುವ ಮುನ್ನ ಶಾಲೆಯಲ್ಲಿ ಓಟಗಾರ್ತಿಯೇ. ಕಾಂಪೌಂಡಿನ ಆಚೆಗಿನ ಹುಲ್ಲಿಗೆ ವಾರಕ್ಕೊಂದು ಬೆಳಿಗ್ಗೆಯಾದರೂ ಈಚೆಯ ಮಕ್ಕಳನ್ನು ಬಿಟ್ಟುಕೊಂಡರೆ ಮೈದಾನದ ಒಡೆಯರಿಗೆ ಆಗುವ ನಷ್ಟ ದೊಡ್ಡದೇನಲ್ಲ. ಕ್ರೀಡಾ ಇಲಾಖೆ ಮುಂದೆ ನಿಂತರೆ ಆ ಮಾತುಕತೆ ಸುಲಭವಾದೀತು.

ಒಬ್ಬ ಆಟಗಾರ್ತಿ ಎಷ್ಟು ಪದಕ ತಂದಳು ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ, ಆಕೆ ಸೋತು ಬಂದ ವಾರ ಆಡಲು ಇನ್ನೆಷ್ಟು ಮಂದಿಯನ್ನು ನಾವು ಸಿದ್ಧಗೊಳಿಸಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಆ ಎರಡನೆಯ ಪ್ರಶ್ನೆಗೆ ಕೊರಿಯಾ ಉತ್ತರ ಕಂಡುಕೊಂಡಿತು. ಅದಕ್ಕೆ ಅಲ್ಲಿ ಹಿಡಿದದ್ದು ಸುಮಾರು ಒಂದು ತಲೆಮಾರಿನ ಕಾಲ.